ರೀಲಿನ ಹಳೇ ದಾರ ಮತ್ತು ನನ್ನ ಬಲಗೈ

ಗಾಳದ ರೀಲಿನಿಂದ ಹಳೆಯ ದಾರ ಬಿಚ್ಚುವುದಕ್ಕೆಂದೇ ಒಂದು ಯಂತ್ರ ಇದೆ ಎಂದು ಹೋದ ವರ್ಷ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ದಾರ ಸುತ್ತುವುದಕ್ಕೆ ಯಂತ್ರ ಬೇಕು, ಒಪ್ಪಿದೆ. ಬಿಚ್ಚುವುದಕ್ಕೂ ಬೇಕೆ? ಅದು ಬೆಕ್ಕಿನ ಮರಿಯೂ ಮಾಡುವ ಕೆಲಸವಲ್ಲವೆ? ಈಗ ಆ ಯಂತ್ರ ನಮ್ಮ ಮನೆಯ ಕಪಾಟಿನಲ್ಲಿ ಟಾರ್ಚಿನ ಪಕ್ಕ ಕೂತಿದೆ. ಅದು ಯಾಕೆ ಬಂತು, ಬಂದು ಏನು ಕಡಿದು ಕಟ್ಟೆ ಹಾಕಿತು ಎಂದು ಹೇಳಬೇಕಾದರೆ ಮೊದಲು ನಾನು ಬಿದ್ದ ಕಥೆ ಹೇಳಬೇಕು.

ಬಿದ್ದದ್ದು ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ನಾನೇ ಚೆಲ್ಲಿದ್ದ ಸೋಪಿನ ನೀರಿನ ಮೇಲೆ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದವಳು ನಾನು; ನೌಕರಿ ಇದ್ದಷ್ಟು ಕಾಲವೂ ಮಕ್ಕಳಿಗೆ "ಓಡಬೇಡ್ರೋ, ಜಾರ್ತೀರ" ಎಂದು ಕೂಗಿ ಗಂಟಲು ಹರಿದುಕೊಂಡಿದ್ದೆ. ಅಂಥವಳು ಓಡದೆ, ನೆಟ್ಟಗೆ ನಡೆದುಕೊಂಡು ಬಂದೇ ಜಾರಿದೆ. ಬೀಳುವಾಗ ಬಲಗೈ ಊರಿದೆ. ಮಣಿಕಟ್ಟಿನಲ್ಲಿ ಒಣ ಕಡ್ಡಿ ಮುರಿದಂಥ ಸದ್ದಾಯಿತು. ನೋವಿಗಿಂತ ಮುಂಚೆ ನನಗೆ ಬಂದ ಯೋಚನೆ, "ನಾಗನಿಗೆ ಗೊತ್ತಾದರೆ ಮುಗೀತು" ಎಂಬುದು.

ನಾಗ ಎಂದರೆ ನಾಗರಾಜ, ನನ್ನ ತಮ್ಮ. ಕೋಲಾರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟು ಕೊಟ್ಟು, ಈಗ ನಿಜವಾದದ್ದು ಯಾವುದು ಎನ್ನುವುದು ನನಗೇ ಮರೆತಿದೆ. ನಿವೃತ್ತಿಯಾದ ಮೇಲೂ ಮುಳಬಾಗಿಲಿನ ನನ್ನ ಎರಡು ಕೋಣೆಯ ಮನೆಯಲ್ಲಿ ನಾನೊಬ್ಬಳೇ ಇರುವುದು ನಾಗನಿಗೆ ಕಣ್ಣಲ್ಲಿ ಬಿದ್ದ ಕಸ. ಒಳ್ಳೆಯ ಮನುಷ್ಯ. ಮನೆಯ ಮಹಡಿಯಲ್ಲಿ ನನಗಾಗಿ ಒಂದು ಕೋಣೆ ಕಟ್ಟಿಸಿ, ಅದಕ್ಕೆ ಅಂಗಡಿಯಲ್ಲಿ ಇದ್ದುದರಲ್ಲೇ ದುಬಾರಿ ಟೈಲ್ಸು ಹಾಕಿಸಿ, ವರ್ಷಗಟ್ಟಲೆ ಕಾದಿದ್ದಾನೆ. ಆ ಟೈಲ್ಸಿನ ಹೊಳಪು ನೋಡಿದರೇ ನನಗೆ ಜಾರಿ ಬೀಳುವ ಭಯ.

ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಕೈ ನೋಡಿ ನನಗೇ ಗುರುತು ಸಿಗಲಿಲ್ಲ. ತೆಳ್ಳಗೆ, ಬೆಳ್ಳಗೆ, ಚರ್ಮವೆಲ್ಲ ಹೊಟ್ಟು ಹೊಟ್ಟಾಗಿ, ಯಾರದೋ ಕೈಯನ್ನು ತಂದು ಅಂಟಿಸಿದ ಹಾಗಿತ್ತು. ಬೆರಳು ಮಡಚುತ್ತಿರಲಿಲ್ಲ, ಮಣಿಕಟ್ಟು ತಿರುಗುತ್ತಿರಲಿಲ್ಲ. ನೀರು ತುಂಬಿದ ಚೊಂಬು ಎತ್ತಲಾರೆ, ಬಾಗಿಲ ಚಿಲಕ ಎಳೆಯಲಾರೆ, ಜಡೆ ಹಾಕಿಕೊಳ್ಳಲಾರೆ. ಬೋರ್ಡಿನ ಮೇಲೆ ನಾನು ಬರೆದ ಅಕ್ಷರ ನೋಡಿ ಇನ್‌ಸ್ಪೆಕ್ಟರು "ಅಚ್ಚು ಹಾಕಿಸಿದಿರಾ?" ಎಂದು ಕೇಳಿದ್ದರು, ಅದನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ ಜಂಬದ ಕೈ ಅದು. ಈಗ ಬ್ಯಾಂಕಿನಲ್ಲಿ ಸಹಿ ಹಾಕಿದರೆ ಅವರು ನನ್ನ ಮುಖ ನೋಡುತ್ತಿದ್ದರು.

ಆಸ್ಪತ್ರೆಯವರು ವ್ಯಾಯಾಮ ಕಲಿಯುವುದಕ್ಕೆ ಫಿಸಿಯೋಥೆರಪಿಯ ಹುಡುಗಿಯ ಹತ್ತಿರ ಕಳಿಸಿದರು. ಬಾಗಿಲು ತೆಗೆದು ಒಳಗೆ ಹೋದರೆ, ಕುರ್ಚಿಯಲ್ಲಿ ಕೂತಿದ್ದವಳು ನನ್ನದೇ ವಿದ್ಯಾರ್ಥಿನಿ ಭವ್ಯ! ಹತ್ತನೇ ಕ್ಲಾಸಿನಲ್ಲಿ ಹೋಂವರ್ಕ್ ಮಾಡದೆ ಬಂದು, ಪುಸ್ತಕ ಅಜ್ಜಿ ಮನೆಯಲ್ಲಿ ಬಿಟ್ಟೆ ಎಂದು ವಾರಕ್ಕೊಂದು ಸಲ ಹೇಳುತ್ತಿದ್ದವಳು. ಅವಳು ಎದ್ದು ನಿಂತು ಕೈಮುಗಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು ತಿರುಗಿಸಿದಳು. ನಾನು "ಅಮ್ಮಾ" ಎಂದೆ.

"ಟೀಚರ್, ಇದು ದಿನಾ ತಿರುಗಬೇಕು. ಬೀಗದ ಕೈ ತಿರುಗಿಸ್ತೀವಲ್ಲ, ಹಂಗೆ. ಈ ಬಾಲನ್ನ ಹಿಸುಕ್ತಾ ಇರಿ. ಮನೇಲಿ ಮಾಡ್ಲಿಲ್ಲ ಅಂದ್ರೆ ನಂಗೆ ಗೊತ್ತಾಗುತ್ತೆ" ಎಂದು ಒಂದು ಹಳದಿ ರಬ್ಬರ್ ಚೆಂಡು ಕೊಟ್ಟಳು.

ಗೊತ್ತಾಗಿಯೇ ಆಯಿತು. ಚೆಂಡು ಹಿಸುಕುವಂಥ ಬೇಸರದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ನಾಲ್ಕು ಸಲ ಹಿಸುಕುವಷ್ಟರಲ್ಲಿ ನನಗೆ ಆಕಳಿಕೆ ಬರುತ್ತಿತ್ತು. ಮುಂದಿನ ವಾರ ಭವ್ಯ ಕೈ ಹಿಡಿದು ನೋಡಿ, "ಮಾಡಿಲ್ಲ" ಎಂದಳು. ಚೆಂಡು ಅಜ್ಜಿ ಮನೆಯಲ್ಲಿ ಬಿಟ್ಟೆ ಎಂದು ಹೇಳಲು ನನಗೆ ಅಜ್ಜಿಯೂ ಇರಲಿಲ್ಲ.

ನಾಗ ಬಂದ. ನಾನು ಬಿದ್ದ ದಿನ ಓಡಿ ಬಂದಿದ್ದವನು ಈ ಸಲ ಸೀದಾ ಅಡುಗೆಮನೆಗೆ ಹೋಗಿ ನೋಡಿದ. ಪಕ್ಕದ ಮನೆ ಜರೀನಾಳ ಡಬ್ಬಿಗಳು ಸಾಲಾಗಿ ಕೂತಿದ್ದವು. ಜರೀನಾ ಬ್ಲೌಸ್ ಹೊಲಿಯುವವಳು. ಅವಳ ಗಂಡ ಮಂಡಿಯಲ್ಲಿ ಟೊಮೆಟೊ ವ್ಯಾಪಾರಿ. ನಾನು ಬಿದ್ದ ದಿನದಿಂದ ಎರಡು ಹೊತ್ತೂ ಊಟ ಕಳಿಸಿ, ಬೆಳಿಗ್ಗೆ ಬಂದು ಜಡೆ ಹಾಕಿ ಹೋಗುತ್ತಿದ್ದಳು.

"ಅಕ್ಕ, ಪಾಪ ಅವರು ಎಷ್ಟು ದಿನ ಅಂತ ಮಾಡ್ತಾರೆ? ಸಾಮಾನು ಕಟ್ಟು, ಹೋಗಣ" ಎಂದ ನಾಗ.

"ಸಂಕ್ರಾಂತಿವರೆಗೂ ಟೈಮ್ ಕೊಡೋ."

"ಸಂಕ್ರಾಂತಿಗೆ ಏನಾಗುತ್ತೆ?"

"ನನ್ನ ಕೆಲಸ ನಾನೇ ಮಾಡ್ಕೊಳ್ಳೋ ಹಂಗಾದ್ರೆ ಇಲ್ಲೇ ಇರ್ತೀನಿ. ಆಗ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ನಿನ್ನ ಗಾಡಿ ಹತ್ತುತೀನಿ."

ಹೇಳುವುದೇನೋ ಹೇಳಿಬಿಟ್ಟೆ. ನಾಗ ವ್ಯಾಪಾರಸ್ಥ, ಮಾತು ಕುದುರಿದ ಕೂಡಲೇ ಮುಂದಿನ ಕೆಲಸಕ್ಕೆ ಇಳಿಯುವವನು. ಹೇಗಿದ್ದರೂ ಕಟ್ಟಬೇಕಾದ ಸಾಮಾನು ತಾನೆ ಎಂದು ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದ. ಹಳೇ ಪಾತ್ರೆ, ನನ್ನ ಉತ್ತರ ಪತ್ರಿಕೆಗಳ ಕಟ್ಟು, ಮುರಿದ ಫ್ಯಾನು ಒಂದೊಂದಾಗಿ ಇಳಿಸುತ್ತ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ಒಳಗೆ ಗಾಳದ ಕೋಲು, ಅದರ ರೀಲು.

"ಅಯ್ಯೋ, ಇದು ಇನ್ನೂ ಇದೆಯಾ? ಗುಜರಿಗೆ ಹಾಕು" ಎಂದ.

ಅದು ಅವನದೇ. ಒಂದು ವರ್ಷ ಮಳೆ ಜೋರಾಗಿ ಕೆರೆಗಳೆಲ್ಲ ತುಂಬಿದಾಗ ಹುರುಪಿನಲ್ಲಿ ಬೆಂಗಳೂರಿಂದ ತಂದಿದ್ದ. ಮೂರು ಭಾನುವಾರ ಹೋದ. ಮೀನು ಬೀಳಲಿಲ್ಲ, ಹುರುಪು ಬಿದ್ದುಹೋಯಿತು. ವಾಸನೆ ಎಂದು ಅವನ ಹೆಂಡತಿ ಮನೆಯೊಳಗೆ ಬಿಡದೆ, ಅದು ನನ್ನ ಅಟ್ಟ ಸೇರಿತ್ತು.

ನಾನು ರೀಲನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಅದರ ಹಿಡಿಕೆ ತಿರುಗಿಸಿ ನೋಡಿದೆ. ಕರಕರ ಎಂದಿತು. ಮಣಿಕಟ್ಟು ಕೂಡ ಕರಕರ ಎಂದಿತು. ಇಬ್ಬರಿಗೂ ಒಂದೇ ರೋಗ ಅನ್ನಿಸಿತು. ಇನ್ನೊಂದು ಸುತ್ತು ತಿರುಗಿಸಿದೆ. ಚೆಂಡು ಹಿಸುಕುವಾಗ ಬರುತ್ತಿದ್ದ ಆಕಳಿಕೆ ಬರಲಿಲ್ಲ.

ಯಾಕೆಂದು ನಿಮಗೆ ಹೇಳಬೇಕು. ನಮ್ಮೂರು ಟೇಕಲ್. ಬೆಟ್ಟ, ಬಂಡೆ, ರೈಲ್ವೆ ಸ್ಟೇಷನ್ನು, ಊರಾಚೆ ಒಂದು ಕೆರೆ. ಹೊಲದ ಕೆಲಸ ಇಲ್ಲದ ದಿನ ಅಪ್ಪ ಗಾಳ ಹಿಡಿದು ಹೊರಟರೆ ಹಿಂದೆ ಹೋಗುತ್ತಿದ್ದವಳು ನಾನೇ. ಬಿದಿರು ಕಡ್ಡಿ, ನೀರಿನ ಮೇಲೆ ತೇಲಲು ನವಿಲುಗರಿಯ ದಂಟಿನ ಬೆಂಡು, ಹುಣಿಸೆಮರದ ಬುಡದಲ್ಲಿ ಅಗೆದ ಎರೆಹುಳು. ನಾಗನಿಗೆ ಹುಳು ಕಂಡರೆ ಆಗುತ್ತಿರಲಿಲ್ಲ. ದೂರದಲ್ಲಿ ಕೂತು ರೈಲು ಎಣಿಸುತ್ತಿದ್ದ. ರೈಲು ಹೋದಾಗ ನೆಲ ನಡುಗಿ ಮೀನೆಲ್ಲ ಓಡಿಹೋಗುತ್ತವೆ ಎಂದು ನಾನು ನಂಬಿದ್ದೆ. ಹಾಗಾಗಿ ಮೀನು ಬೀಳದ ದಿನವೆಲ್ಲ ತಪ್ಪು ಬೆಂಗಳೂರು ರೈಲಿನದು. ದೊಡ್ಡವಳಾದ ಮೇಲೆ ಅಮ್ಮ, "ಹೆಣ್ಣು ಹುಡುಗಿ ಕೆರೆ ಏರಿ ಮೇಲೆ ಕುಕ್ಕರಗಾಲಲ್ಲಿ ಕೂರೋದು ಚೆನ್ನಾಗಿರಲ್ಲ" ಎಂದು ನಿಲ್ಲಿಸಿದಳು. ನಿಂತದ್ದು ನಿಂತೇ ಹೋಯಿತು. ಆಮೇಲೆ ಬಿ.ಎಡ್ಡು, ನೌಕರಿ, ಟೀಚರಮ್ಮ ಎಂಬ ಹೆಸರು. ಟೀಚರಮ್ಮ ಹುಳು ಅಗೆಯುವುದಕ್ಕಾಗುತ್ತದೆಯೆ?

"ಇದನ್ನ ಗುಜರಿಗೆ ಹಾಕಲ್ಲ. ನಾನು ಇದರಲ್ಲಿ ಮೀನು ಹಿಡೀತೀನಿ" ಎಂದೆ.

ನಾಗ ಸ್ಟೂಲಿನ ಮೇಲಿಂದಲೇ ನಕ್ಕ. "ಮೊದ್ಲು ಒಂದು ಚೊಂಬು ನೀರು ಹಿಡಿ. ಆಮೇಲೆ ಮೀನು."

ಆ ನಗು ನನಗೆ ನಾಟಿತು. ಹಟ ಎನ್ನುವುದು ನಮ್ಮ ಮನೆತನದಲ್ಲಿ ಮೂಗಿನ ಜೊತೆಗೇ ಬರುತ್ತದೆ.

ಅವನು ಹೋದ ಮೇಲೆ ರೀಲನ್ನು ಸರಿಯಾಗಿ ನೋಡಿದೆ. ಸೀಮೆಎಣ್ಣೆಯಲ್ಲಿ ಒರೆಸಿ ಎರಡು ಹನಿ ಮೆಷಿನ್ ಎಣ್ಣೆ ಬಿಟ್ಟರೆ ಹಿಡಿಕೆ ಸಲೀಸಾಯಿತು. ತೊಂದರೆ ಇದ್ದುದು ದಾರದಲ್ಲಿ. ಆ ನೈಲಾನ್ ದಾರ ಅಟ್ಟದ ಸೆಕೆಯಲ್ಲಿ ವರ್ಷಾನುಗಟ್ಟಲೆ ಬೆಂದು, ಹಳದಿ ತಿರುಗಿ, ಸ್ಪ್ರಿಂಗಿನ ಹಾಗೆ ಸುರುಳಿ ಕಟ್ಟಿಕೊಂಡು ಸೆಟೆದಿತ್ತು. ಒಂದು ಮೊಳ ಎಳೆದು ಜಗ್ಗಿದರೆ ಟಪ್ ಎಂದು ತುಂಡಾಯಿತು. ಇಂಥ ದಾರ ಕಟ್ಟಿ ಕೆರೆಗೆ ಹೋದರೆ ಮೀನು ಕೊಕ್ಕೆಯನ್ನೂ ತೆಗೆದುಕೊಂಡು ಹೋಗುತ್ತದೆ. ಹೊಸ ದಾರ ಸುತ್ತಬೇಕು. ಸುತ್ತಬೇಕಾದರೆ ಹಳೆಯದು ಪೂರ್ತಿ ಈಚೆ ಬರಬೇಕು.

ಎಳೆದರೆ ಬರುತ್ತದೆ ಎಂದುಕೊಂಡು ಎಡಗೈಯಲ್ಲಿ ಎಳೆಯತೊಡಗಿದೆ. ಬಂತು. ಬಂದದ್ದು ಎಲ್ಲಿಗೆ ಹೋಗಬೇಕು ಎಂದು ನಾನು ಯೋಚಿಸಿರಲಿಲ್ಲ. ಅದು ಸೋಫಾ ಕಾಲಿಗೆ ಸುತ್ತಿಕೊಂಡಿತು, ಟೀಪಾಯಿಗೆ ಸುತ್ತಿಕೊಂಡಿತು, ನನ್ನ ಚಪ್ಪಲಿಗೂ ಸುತ್ತಿಕೊಂಡಿತು. ಅಷ್ಟು ಹೊತ್ತಿಗೆ ಊಟದ ಡಬ್ಬಿ ಹಿಡಿದು ಒಳಗೆ ಬಂದ ಜರೀನಾ, ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು.

"ಟೀಚರಮ್ಮ, ನನ್ನ ಕಾಲು ಯಾಕೆ ಬರ್ತಿಲ್ಲ?"

"ಅಲ್ಲಾಡಬೇಡ ಜರೀನಾ, ದಾರ ಇದೆ."

"ಯಾ ಅಲ್ಲಾ! ಮನೇಲಿ ಜೇಡ ಸಾಕಿದೀರಾ?"

ಕತ್ತರಿ ಹಿಡಿಯಲು ನನ್ನ ಬೆರಳು ಬರುವುದಿಲ್ಲ. ಅವಳೇ ನೆಲದ ಮೇಲೆ ಕೂತು ಕತ್ತರಿಸಿ ಕತ್ತರಿಸಿ ಇಬ್ಬರನ್ನೂ ಬಿಡಿಸಿದಳು. ತುಂಡುಗಳನ್ನು ಬಾಗಿಲಾಚೆ ಎಸೆಯಲು ಹೋದವಳನ್ನು ನಾನು ತಡೆದೆ. ಆ ದಾರ ಕೊಳೆಯುವುದಿಲ್ಲ. ಕಾಗೆ ಕಾಲಿಗೋ ಕುರಿ ಬಾಯಿಗೋ ಹೋಗುತ್ತದೆ. ಸಣ್ಣಗೆ ತುಂಡರಿಸಿ ಒಂದು ಖಾಲಿ ಬಾಟಲಿಗೆ ತುಂಬಿ ಬಿರಡೆ ಹಾಕಿದೆವು. ಅಷ್ಟೆಲ್ಲ ಆದ ಮೇಲೂ ರೀಲಿನ ಹೊಟ್ಟೆ ಒಂದಿಷ್ಟೂ ಇಳಿದಿರಲಿಲ್ಲ.

"ಇದಕ್ಕೆ ನನ್ನ ಮಿಷನ್ ಆಗುತ್ತೆ ನೋಡಿ" ಎಂದಳು ಜರೀನಾ. ಅವಳಿಗೂ ಹುಚ್ಚು ಹತ್ತಿತ್ತು ಎಂದು ಕಾಣುತ್ತದೆ, ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಬಾಬಿನ್ನಿಗೆ ದಾರ ಸುತ್ತುವ ಒಂದು ಪುಟ್ಟ ಗಾಲಿ ಇರುತ್ತದಲ್ಲ, ಅದಕ್ಕೆ ರೀಲಿನ ದಾರದ ತುದಿ ಸಿಕ್ಕಿಸಿ ಪೆಡಲ್ ತುಳಿದಳು. ಬಹಳ ಚೆನ್ನಾಗಿ ಓಡಿತು. ನಾನು ಚಪ್ಪಾಳೆ ತಟ್ಟಿದೆ, ಬಲಗೈ ನೋಯಿತು. ಒಂದು ಬಾಬಿನ್ ತುಂಬಿತು, ಎರಡು ತುಂಬಿತು. ಮೂರನೆಯದು ಬಿಗಿ ತಾಳಲಾರದೆ ಪಟಾರ್ ಎಂದು ಒಡೆದು, ಅದರ ಚೂರು ಹಾರಿ ಗೋಡೆ ಗಡಿಯಾರಕ್ಕೆ ಬಡಿಯಿತು. ಜರೀನಾ ಪೆಡಲ್ಲಿನ ಮೇಲಿಂದ ಕಾಲು ತೆಗೆದಳು.

"ಟೀಚರಮ್ಮ, ನಿಮ್ಮ ಮೇಲೆ ನಂಗೆ ಪ್ರಾಣ. ಆದ್ರೆ ಮಿಷನ್ ಮುನಿಸ್ಕೊಂಡ್ರೆ ಮದುವೆ ಬ್ಲೌಸೆಲ್ಲ ನಿಂತೋಗುತ್ತೆ. ಬೇರೆ ಏನಾದ್ರೂ ನೋಡಣ."

ನಾಗನಿಗೆ ಈ ವಿಷಯ ಹೇಗೋ ತಿಳಿಯಿತು. ಅವನದು ವಿಚಿತ್ರ ಸ್ವಭಾವ. ನನ್ನನ್ನು ಕರೆದುಕೊಂಡು ಹೋಗಬೇಕೆಂಬ ಹಟ ಒಂದು ಕಡೆ. ಅಕ್ಕ ಏನಾದರೂ ಕೇಳಿದರೆ, ಕೇಳದಿದ್ದರೂ, ತಂದು ಸುರಿಯುವ ಚಾಳಿ ಇನ್ನೊಂದು ಕಡೆ. ಒಂದು ಮಧ್ಯಾಹ್ನ ಕೊರಿಯರಿನವನು ಪುಟ್ಟ ಪೆಟ್ಟಿಗೆ ಕೊಟ್ಟು ಹೋದ. ಒಳಗಿದ್ದದ್ದೇ ಮೊದಲು ಹೇಳಿದ ಯಂತ್ರ. ಅಂಗೈಯಗಲ, ಬ್ಯಾಟರಿಯದು. ಬಾಯಲ್ಲಿ ಎರಡು ರಬ್ಬರಿನ ಉರುಳೆ. ಅವುಗಳ ನಡುವೆ ದಾರದ ತುದಿ ಕೊಟ್ಟು ಗುಂಡಿ ಒತ್ತಿದರೆ ಶಾವಿಗೆ ನುಂಗುವ ಹಾಗೆ ಝರ್ರೆಂದು ಎಳೆದು ಹಿಂದಿನಿಂದ ಉಗುಳುತ್ತದೆ. ನಾಗ ಫೋನ್ ಮಾಡಿ, "ಬಂತಾ? ಎರಡೇ ನಿಮಿಷದ ಕೆಲಸ ಅಂತೆ ಕಣೆ" ಎಂದ.

ಸುಳ್ಳೇಕೆ ಹೇಳಲಿ, ಅದರ ಓಟ ನೋಡಿ ನನಗೆ ಬಹಳ ಸಂತೋಷವಾಯಿತು. ಅದು ಪೂರ್ತಿ ಬಿಚ್ಚಿ ಮುಗಿಸಿದ್ದರೆ ನಾನು ಕೈಕಟ್ಟಿ ನೋಡಿಕೊಂಡು ಕೂತಿರುತ್ತಿದ್ದೆ. ಆದರೆ ಅರ್ಧ ಇಳಿದ ಮೇಲೆ ದಾರ ತನ್ನೊಳಗೆ ತಾನೇ ಕಚ್ಚಿಕೊಂಡಿದ್ದ ಜಾಗ ಬಂತು. ಯಂತ್ರ ಮುಲುಕಿತು, ರಬ್ಬರು ಸುಟ್ಟ ವಾಸನೆ ಬಂತು, ನಿಂತಿತು. ಬೇರೆ ಬ್ಯಾಟರಿ ಹಾಕಿದರೂ ಅಷ್ಟೆ. ಮೇಲಿನ ಸಡಿಲ ದಾರ ಅದರದ್ದು, ಒಳಗಿನ ಬಿಗಿ ದಾರ ನಮ್ಮದು ಎಂದು ಪಾಲು ಮಾಡಿಕೊಟ್ಟ ಹಾಗಾಯಿತು.

ಅವತ್ತು ಅಡುಗೆಮನೆಯಲ್ಲಿ ನಿಂತು ಸುತ್ತಲೂ ನೋಡಿದೆ. ಈ ದಾರವನ್ನು ಇನ್ನೊಂದಕ್ಕೆ ಸುತ್ತಿ ಸುತ್ತಿಯೇ ಬಿಚ್ಚಬೇಕು. ಆ ಇನ್ನೊಂದು ದಪ್ಪಗಿರಬೇಕು, ಒಡೆಯಬಾರದು, ಕೈಗೆ ಹಿಡಿತ ಸಿಗಬೇಕು. ಗೋಡೆಗೆ ಒರಗಿಸಿದ್ದ ಮುದ್ದೆ ತಿರುವುವ ಕೋಲು ಕಣ್ಣಿಗೆ ಬಿತ್ತು. ಕೈ ಮುರಿದ ದಿನದಿಂದ ಅದಕ್ಕೂ ಕೆಲಸವಿರಲಿಲ್ಲ.

ಜರೀನಾ ಬಂದು ರೀಲನ್ನು ಕಿಟಕಿಯ ಸರಳಿಗೆ ಬಟ್ಟೆಪಟ್ಟಿಯಿಂದ ಬಿಗಿಯಾಗಿ ಕಟ್ಟಿಕೊಟ್ಟಳು. ದಾರದ ತುದಿಯನ್ನು ಕೋಲಿಗೆ ಗಂಟು ಹಾಕಿದೆವು. ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೋಲನ್ನು ಬಲಗೈಯಲ್ಲಿ ಹಿಡಿದೆ. ಬೆರಳು ಪೂರ್ತಿ ಮಡಚಲಿಲ್ಲ; ಕೋಲು ಜಾರಿ ಬಿತ್ತು. ಜರೀನಾ ಅದಕ್ಕೆ ಹಳೇ ಬನಿಯನ್ ಬಟ್ಟೆ ಸುತ್ತಿ ದಪ್ಪ ಮಾಡಿದಳು. ಮತ್ತೆ ಹಿಡಿದೆ. ಎಡಗೈಯ ಆಸರೆ ಕೊಟ್ಟು, ಬಲ ಮಣಿಕಟ್ಟನ್ನು ಬೀಗದ ಕೈ ತಿರುಗಿಸುವ ಹಾಗೆ ತಿರುಗಿಸಿದೆ. ನೋವು ಮೊಣಕೈವರೆಗೆ ಏರಿತು. ಕೋಲಿನ ಮೇಲೆ ಒಂದು ಸುತ್ತು ದಾರ ಬಿತ್ತು.

"ಬಂತು!" ಎಂದು ಕೂಗಿದಳು ಜರೀನಾ.

ಹೀಗೆ ಶುರುವಾಯಿತು. ಬೆಳಿಗ್ಗೆ ಕಾಫಿಯಾದ ಮೇಲೆ ಒಂದಿಷ್ಟು, ಸಂಜೆ ಒಂದಿಷ್ಟು. ದಾರ ಕಚ್ಚಿಕೊಂಡ ಕಡೆ ಸೂಜಿಯಿಂದ ಮೀಟಿ ಎಬ್ಬಿಸುವುದು, ಮತ್ತೆ ತಿರುಗಿಸುವುದು. ಗಟ್ಟಿ ಇದ್ದ ಒಂದಷ್ಟು ಉದ್ದವನ್ನು ಜರೀನಾ ಹಿತ್ತಿಲಲ್ಲಿ ಮೆಣಸಿನಕಾಯಿ ಗಿಡಕ್ಕೆ ಆಸರೆ ಕಟ್ಟಲು ಒಯ್ದಳು. ಉಳಿದದ್ದು ತುಂಡಾಗಿ ಬಾಟಲಿ ಸೇರಿತು. ಭವ್ಯ ಕೈ ನೋಡಿ ಹುಬ್ಬೇರಿಸಿದಳು.

"ಟೀಚರ್, ಚೆನ್ನಾಗಿ ತಿರುಗ್ತಿದೆ! ಬಾಲ್ ಹಿಸುಕಿದ್ರಾ?"

"ಇಲ್ಲಮ್ಮ. ಮುದ್ದೆ ಕೋಲು ತಿರುಗಿಸಿದೆ."

ಕಥೆ ಕೇಳಿ ಅವಳು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಗಂಭೀರವಾಗಿ, "ನೋವು ಜಾಸ್ತಿ ಆದ್ರೆ ನಿಲ್ಲಿಸ್ಬೇಕು. ನಿಮ್ಮ ಹಟ ನಂಗೊತ್ತು" ಎಂದಳು.

ನನ್ನ ಹಟ ನನಗೆ ಗೊತ್ತಿರಲಿಲ್ಲ. ಒಂದು ದಿನ ರೀಲಿನ ಉರುಳೆಯ ತಳ ಇನ್ನೇನು ಕಾಣುವಂತಾಯಿತು. ಇವತ್ತೇ ಮುಗಿಸಿಬಿಡುತ್ತೇನೆ ಎಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಡದೆ ಕೂತೆ. ಸಂಜೆಗೆ ಮಣಿಕಟ್ಟು ಊದಿ ಬನ್ನಿನಂತಾಯಿತು. ಚಮಚ ಹಿಡಿಯಲೂ ಆಗಲಿಲ್ಲ. ಭವ್ಯ ಬೈದು, ಐಸ್ ಇಟ್ಟು, ವಾರವಿಡೀ ಏನೂ ಮುಟ್ಟಕೂಡದು ಎಂದು ಪಟ್ಟಿ ಕಟ್ಟಿದಳು. ಮತ್ತೆ ಜರೀನಾ ಜಡೆ ಹಾಕತೊಡಗಿದಳು. ಆ ಪಟ್ಟಿ ಕಟ್ಟಿದ ಕೈಯ ಜೊತೆ ಕೂತಿದ್ದಾಗಲೇ ನಾಗ ಬಂದ.

ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕಿಟಕಿಗೆ ಕಟ್ಟಿದ್ದ ರೀಲು ನೋಡಿದ, ಕೋಲು ನೋಡಿದ, ನನ್ನ ಕೈ ನೋಡಿದ. ನೆಲದ ಮೇಲೆ ಕೂತುಬಿಟ್ಟ.

"ಅಕ್ಕ, ನೀನು ಯಾರಿಗೆ ತೋರಿಸ್ಬೇಕು ಇದೆಲ್ಲಾ? ನಂಗಾ?"

"ನಿಂಗಲ್ಲ ಕಣೋ."

"ನೀನು ಬಿದ್ದ ದಿನ ಜರೀನಾ ಫೋನ್ ಮಾಡಿದ್ರಲ್ಲ, ಅಂಗಡಿ ಬಾಗ್ಲು ಕೂಡ ಹಾಕ್ದೆ ಹೊರಟುಬಿಟ್ಟೆ. ಗಾಡಿ ಹೆಂಗೆ ಓಡಿಸ್ಕೊಂಡು ಬಂದೆ ಅಂತ ನಂಗೇ ಗೊತ್ತಿಲ್ಲ. ಅವರು ಆವತ್ತು ಮನೇಲಿರ್ಲಿಲ್ಲ ಅಂದಿದ್ರೆ? ನಂಗೆ ನಿದ್ದೆ ಬರಲ್ಲ ಕಣೆ."

ಇಷ್ಟು ದಿನ ಅವನದು ಬರೀ ದಬ್ಬಾಳಿಕೆ ಎಂದುಕೊಂಡಿದ್ದೆ. ಭಯ ಎಂದು ಹೊಳೆದಿರಲಿಲ್ಲ. ಹೋಗಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಮಹಡಿಯ ಕೋಣೆ, ಬಿಸಿ ಊಟ, ಕರೆದರೆ ಓಡಿ ಬರುವ ತಮ್ಮ. ಎಷ್ಟೋ ಜನಕ್ಕೆ ಇದು ಕನಸಿನಲ್ಲೂ ಸಿಗುವುದಿಲ್ಲ. ಆದರೆ ಈಗ ಹೋದರೆ ಕೈಲಾಗದವಳಾಗಿ ಹೋಗುತ್ತೇನೆ. ಅಲ್ಲಿ ಎಲ್ಲರೂ ಪ್ರೀತಿಯಿಂದ ನನ್ನ ಕೈಯಲ್ಲಿರುವುದನ್ನು ಕಿತ್ತು ತಾವೇ ಮಾಡುತ್ತಾರೆ. ಈ ಕೈ ಇನ್ನು ಯಾವತ್ತೂ ತಿರುಗುವುದಿಲ್ಲ.

"ಸಂಕ್ರಾಂತಿ ಅಂದಿದ್ದೆ. ಇನ್ನೂ ಬಂದಿಲ್ಲ" ಎಂದೆ.

ನಾಗ ಎದ್ದ. "ಹಬ್ಬ ಆಗಿ ಬರೋ ಭಾನುವಾರ ಗಾಡಿ ತರ್ತೀನಿ. ಆಮೇಲೆ ಮಾತಿಲ್ಲ."

ಪಟ್ಟಿ ಬಿಚ್ಚಿದ ಮೇಲೆ ಬುದ್ಧಿ ಬಂದಿತ್ತು. ಭವ್ಯ ಹೇಳಿದಷ್ಟು ಮಾತ್ರ, ನೋವು ಹೇಳಿದಲ್ಲಿಗೆ ನಿಲ್ಲಿಸಿ, ದಿನಾ ಸ್ವಲ್ಪ ಸ್ವಲ್ಪ ತಿರುಗಿಸಿದೆ. ಒಂದು ಬೆಳಿಗ್ಗೆ ಉರುಳೆಯ ತಳದ ಗಂಟು ಕಂಡಿತು. ಅದನ್ನು ಕತ್ತರಿಸಬೇಕು. ಜರೀನಾ ಕತ್ತರಿ ತೆಗೆದುಕೊಂಡಳು. ನಾನು ಕೈ ಚಾಚಿದೆ. ಅವಳು ಒಂದು ಗಳಿಗೆ ನೋಡಿ ಕತ್ತರಿಯನ್ನು ನನಗೆ ಕೊಟ್ಟಳು. ಹಿಡಿಕೆಯ ತೂತಿಗೆ ಹೆಬ್ಬೆರಳು ತೂರಿಸಿ ಒತ್ತಿದೆ. ಕಚಕ್ ಎಂದಿತು. ಬರಿದಾದ ಉರುಳೆ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು.

ಹೊಸ ದಾರವನ್ನು ಕೋಲಾರದಿಂದ ಜರೀನಾಳ ಗಂಡ ತಂದುಕೊಟ್ಟರು. ಅವಳು ದಾರದ ಉಂಡೆಗೆ ಪೆನ್ಸಿಲು ತೂರಿಸಿ ಹಿಡಿದುಕೊಂಡಳು, ನಾನು ಹಿಡಿಕೆ ತಿರುಗಿಸಿ ಸುತ್ತಿಕೊಂಡೆ. ಒಂದೇ ಸಂಜೆಯಲ್ಲಿ ಮುಗಿಯಿತು.

ಕುರುಡುಮಲೆ ಕಡೆ ಹೋಗುವ ದಾರಿಯಲ್ಲಿ ಒಂದು ಕೆರೆ ಇದೆ. ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿದೆ. "ಬಲೆ ಬಿಡದಿದ್ರೆ ಸಾಕು, ಗಾಳ ಹಾಕ್ಕೊಳಿ ಟೀಚರ್" ಎಂದರು. ಬೆಳಿಗ್ಗೆ ಆಟೋದಲ್ಲಿ ಹೋಗುವುದು, ಬಿಸಿಲೇರುವ ಮೊದಲು ವಾಪಸು. ಮೊದಲ ದಿನ ಬೀಸಿದ ಗಾಳ ಹಿಂದಿನ ಜಾಲಿ ಗಿಡಕ್ಕೆ ಬಿತ್ತು. ಎರಡನೆಯ ದಿನ ನನ್ನ ಸೆರಗಿಗೇ ಬಿತ್ತು. ಎಮ್ಮೆ ಮೇಯಿಸುವ ಒಬ್ಬರು ದಿನಾ ದಾಟಿ ಹೋಗುವಾಗ, "ಏಮಿ ಟೀಚರಮ್ಮ, ಚೇಪ ಪಡಿಂದಾ?" ಎಂದು ತೆಲುಗಿನಲ್ಲಿ ಮೀನು ಬಿತ್ತೇ ಎಂದು ಕೇಳುವರು. "ಲೇದಯ್ಯಾ, ಇನ್ನೂ ಇಲ್ಲ" ಎಂದು ಎರಡೂ ಭಾಷೆಯಲ್ಲಿ ಸೋಲು ಒಪ್ಪಿಕೊಳ್ಳುತ್ತಿದ್ದೆ. ನನ್ನ ಹಳೇ ವಿದ್ಯಾರ್ಥಿಗಳು ಬೈಕ್ ನಿಲ್ಲಿಸಿ, "ಟೀಚರ್, ನೀವಾ?" ಎನ್ನುತ್ತಿದ್ದರು. "ನಾನೇ. ಸದ್ದು ಮಾಡಬೇಡ, ಮೀನು ಓಡುತ್ತೆ" ಎಂದು ತರಗತಿಯ ದನಿಯಲ್ಲಿ ಹೇಳಿದರೆ ಈಗಲೂ ಗಪ್‌ಚಿಪ್ಪಾಗಿ ಹೋಗುತ್ತಿದ್ದರು. ಅಂಗೈಯಗಲದ ಎರಡು ಜಿಲೇಬಿ ಮೀನು ಬಿದ್ದವು. ಅವುಗಳಿಗೆ ರೀಲೇ ಬೇಕಿರಲಿಲ್ಲ, ಎತ್ತಿದರೆ ಬಂದವು.

ಹಬ್ಬವಾಯಿತು. ಎಳ್ಳುಬೆಲ್ಲ ಬೀರಿದ್ದಾಯಿತು. ಭಾನುವಾರವೂ ಬಂತು. ನಾಗ ಬರುವುದು ಹನ್ನೊಂದರ ಮೇಲೆ ಎಂದು ನಾನು ಎಂದಿನಂತೆ ಕೆರೆಗೆ ಹೋದೆ. ಅವನು ಬೇಗ ಬಂದು, ಬೀಗ ನೋಡಿ ಗಾಬರಿಯಾಗಿ, ಜರೀನಾಳನ್ನು ಕೇಳಿ, ಅಲ್ಲಿಂದ ಸೀದಾ ಕೆರೆಗೆ ಬಂದಿದ್ದಾನೆ. ಗಾಡಿಯ ಬಾಗಿಲು ಹಾಕಿದ ಸದ್ದು ನನಗೆ ಕೇಳಿಸಿತು. ತಿರುಗಿ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅದೇ ಗಳಿಗೆಯಲ್ಲಿ ಬೆಂಡು ಮುಳುಗಿ, ಕೋಲು ಬಿಲ್ಲಿನ ಹಾಗೆ ಬಾಗಿ, ರೀಲು ಕಿರ್ರೆಂದು ದಾರ ಬಿಡತೊಡಗಿತ್ತು.

"ಅಕ್ಕ! ಅಕ್ಕ, ಕೊಡಿಲ್ಲಿ!" ನಾಗ ಇಸ್ತ್ರಿ ಪ್ಯಾಂಟಿನಲ್ಲಿ ಏರಿಯಿಂದ ಜಾರುತ್ತ ಇಳಿದು ಬಂದ. ಕೋಲಿಗೆ ಕೈ ಹಾಕಲು ಬಂದ.

"ಮುಟ್ಟಬೇಡ ಕಣೋ!"

ಜೀವಮಾನದಲ್ಲಿ ಅವನ ಮೇಲೆ ಹಾಗೆ ಕೂಗಿದವಳಲ್ಲ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಕೋಲಿನ ಬುಡವನ್ನು ಸೊಂಟಕ್ಕೆ ಒತ್ತಿ ಎಡಗೈಯಲ್ಲಿ ಹಿಡಿದೆ. ಬಲಗೈಯಲ್ಲಿ ಹಿಡಿಕೆ. ಮೀನು ಎಳೆದಾಗ ಬಿಟ್ಟೆ; ಅದು ನಿಂತಾಗ ತಿರುಗಿಸಿದೆ. ಒಂದು ಸುತ್ತಿಗೆ ಒಂದು ನೋವು. ಮಧ್ಯದಲ್ಲಿ ಬೆರಳು ಸೋತು ಹಿಡಿಕೆ ತಪ್ಪಿತು, ಸುತ್ತಿದ್ದ ದಾರವೆಲ್ಲ ಓಡಿಹೋಯಿತು. ನಾಗ "ಅಯ್ಯಯ್ಯೋ" ಎಂದ, ಆದರೆ ಮುಟ್ಟಲಿಲ್ಲ. ಮತ್ತೆ ಹಿಡಿದೆ. ಮತ್ತೆ ಮೊದಲಿಂದ. ನೆತ್ತಿಯಿಂದ ಬೆವರು ಕಣ್ಣಿಗಿಳಿದು ಕೆರೆ ಮಂಜಾಗಿ ಕಾಣುತ್ತಿತ್ತು. ಎಷ್ಟು ಹೊತ್ತಾಯಿತೋ ತಿಳಿಯದು, ದಡದ ಹತ್ತಿರ ನೀರು ಮಗುಚಿ ಬೆಳ್ಳಿಯಂಥ ಬೆನ್ನು ಕಂಡಿತು. ಕಾಟ್ಲಾ, ಕೆರೆಯ ದೊಡ್ಡ ಮೀನು! ಕಂಡದ್ದೇ ತಡ, ನಾಗ ಬೂಟಿನ ಸಮೇತ ನೀರಿಗಿಳಿದ. ಕೆಸರಿನಲ್ಲಿ ಮಂಡಿಯೂರಿ ಬಿದ್ದು, ಎರಡೂ ಕೈಯಲ್ಲಿ ಅದನ್ನು ತಬ್ಬಿ ದಡಕ್ಕೆ ಎಸೆದ.

ಇಬ್ಬರೂ ಹುಲ್ಲಿನ ಮೇಲೆ ಏದುಸಿರು ಬಿಡುತ್ತ ಕೂತೆವು. ಎಮ್ಮೆಯವರು ಬಂದು ನೋಡಿ, ಮೀನಿನ ತೂಕ ಇಷ್ಟಿರಬಹುದು ಅಷ್ಟಿರಬಹುದು ಎಂದು ತಾವೇ ಎರಡು ಕಡೆ ವಾದ ಮಾಡಿಕೊಂಡು ಹೋದರು. ನಾಗ ನನ್ನ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

"ನೋವಾಗ್ತಿದೆಯಾ?"

"ಹೂಂ. ಜೋರಾಗೇ ಇದೆ. ನಿಂಗೆ ಸುಳ್ಳು ಹೇಳಲ್ಲ. ಇನ್ನೂ ಪೂರ್ತಿ ಸರಿಹೋಗಿಲ್ಲ, ಹೋಗುತ್ತೋ ಇಲ್ವೋ ಅದೂ ಗೊತ್ತಿಲ್ಲ. ಆದ್ರೆ ಕೆಲಸ ಮಾಡುತ್ತೆ." ಕೈಯನ್ನು ಹಿಂದಕ್ಕೆ ಎಳೆದುಕೊಂಡು ಹೇಳಿದೆ, "ಹಿತ್ತಿಲ ಕಲ್ಲಿನ ಹತ್ರ ನಿಮ್ಮಂಗಡೀಲಿರೋ ಜಾರದ ಟೈಲ್ಸ್ ಹಾಕಿಸ್ಕೊಡು. ದಿನಾ ಬೆಳಿಗ್ಗೆ ಎದ್ದ ಕೂಡ್ಲೆ ನಿಂಗೆ ಫೋನ್ ಮಾಡ್ತೀನಿ. ಮಾಡದ ದಿನ ನೀನು ಓಡಿ ಬಾ."

ನಾಗ ಬೂಟು ಬಿಚ್ಚಿ ಕೆಸರು ನೀರು ಚೆಲ್ಲಿದ.

ಮಧ್ಯಾಹ್ನ ಮೀನು ಹೆಚ್ಚಿಕೊಟ್ಟವನು ಅವನು, ಮಸಾಲೆ ರುಬ್ಬಿದವಳು ಜರೀನಾ, ಒಲೆಯ ಮುಂದೆ ನಿಂತು ಸಾರು ಮಾಡಿದವಳು ನಾನು. ಉಪ್ಪು ಒಂದು ಚೂರು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ. ಗಾಡಿಯ ಡಿಕ್ಕಿಯನ್ನು ನನ್ನ ಸಾಮಾನಿಗೆಂದು ಖಾಲಿ ಮಾಡಿಕೊಂಡು ಬಂದಿದ್ದ ನಾಗ ಸಂಜೆ ಹೊರಡುವಾಗ ಅದರಲ್ಲಿ ಒಂದು ಡಬ್ಬಿ ಸಾರು ಮಾತ್ರ ಇಟ್ಟುಕೊಂಡ. ಕೋಲಾರದ ಮಾತೆತ್ತಲಿಲ್ಲ. ಗಾಡಿ ಸ್ಟಾರ್ಟ್ ಮಾಡಿದವನು ಗಾಜು ಇಳಿಸಿ ಕತ್ತು ಹೊರಗೆ ಹಾಕಿದ.

"ಮುಂದಿನ ಭಾನುವಾರ ಕೆರೆಗೆ ಎಷ್ಟೊತ್ತಿಗೆ ಹೋಗ್ತೀಯ?"

"ಆರಕ್ಕೆ."

"ನಾನೂ ಬರ್ತೀನಿ. ಇರು, ಒಟ್ಟಿಗೆ ಹೋಗಣ."

"ಬೇಗ ಬಾ" ಎಂದೆ. "ನಾನು ಕಾಯಲ್ಲ."